ಹಿನ್ನೀರು ಹಸಿರಾದಾಗ: ನೀರೊಳಗಿನ ಸೆನ್ಸರ್‌ಗಳು ನಮಗೆ ಏನು ಹೇಳಬಲ್ಲವು?

ತುಂಗಭದ್ರಾ ಡ್ಯಾಮಿನ ಹಿನ್ನೀರು ಹಸಿರಾಗಿದೆ ಅನ್ನೋ ಸುದ್ದಿ ಬಂದಾಗಲೆಲ್ಲ ನಮ್ಮ ಕಡೆ ಮನೆಮನೆಯಲ್ಲೂ ಒಂದೇ ಮಾತು: ಈ ನೀರು ಕುಡೀಬಹುದಾ?

ನಮ್ಮ ಅವ್ವ ಕೊಡದ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ನಲ್ಲಿ ನೀರು ಹಿಡಿಯುತ್ತಾಳೆ. ಕೊಡ ತುಂಬಿದ ಮೇಲೆ ಬಟ್ಟೆ ಬಿಚ್ಚಿ ಬೆಳಕಿಗೆ ಹಿಡಿದು ನೋಡುತ್ತಾಳೆ. ನಡುವೆ ತೆಳ್ಳನೆ ಹಸಿರು ಕಲೆ. ಬೆರಳಾಡಿಸಿದರೆ ಲೋಳೆ. ಮೂಸಿದರೆ ಮಳೆ ಬಿದ್ದ ಮಣ್ಣಿನಂಥ ವಾಸನೆ. ಅಷ್ಟಾದರೆ ಆ ಕೊಡ ಅಡುಗೆಮನೆಗೆ ಹೋಗುವುದಿಲ್ಲ, ಬಚ್ಚಲಿಗೆ ಹೋಗುತ್ತದೆ.

ಅವ್ವನ ಬಟ್ಟೆಯೂ ಒಂದು ಪರೀಕ್ಷೆಯೇ. ಬಣ್ಣ, ವಾಸನೆ, ಜಿಗುಟು ಮೂರನ್ನೂ ಅದು ನೋಡುತ್ತದೆ. ತೊಂದರೆ ಏನೆಂದರೆ, ಬಟ್ಟೆಗೆ ಗೊತ್ತಾಗುವ ಹೊತ್ತಿಗೆ ನೀರು ಮನೆಗೆ ಬಂದುಬಿಟ್ಟಿರುತ್ತದೆ. ನೀರು ಕೆಡಲು ಶುರುವಾಗಿದ್ದು ಎಷ್ಟೋ ದಿನ ಮೊದಲು, ಎಷ್ಟೋ ಮೈಲಿ ಆಚೆ. ಅಲ್ಲೇ, ಆಗಲೇ ಗೊತ್ತಾಗುವಂತೆ ಮಾಡುವ ಒಂದು ಏರ್ಪಾಡು ನೀರೊಳಗಿನ ಸೆನ್ಸರ್ ಜಾಲ. ಅದು ಹೇಗೆ ಕೆಲಸ ಮಾಡುತ್ತದೆ, ಎಲ್ಲಿ ಕೈಚೆಲ್ಲುತ್ತದೆ ಅನ್ನುವುದನ್ನು ಮೊದಲಿಂದ ನೋಡೋಣ.

ಒಂದು ಬಾಟಲಿ ನೀರು, 378 ಚದರ ಕಿಲೋಮೀಟರ್ ಡ್ಯಾಂ

ಈಗ ನದಿ, ಕೆರೆಗಳ ನೀರನ್ನು ಪರೀಕ್ಷೆ ಮಾಡುವ ರೂಢಿ ಹೀಗಿದೆ. ಒಬ್ಬರು ಗೊತ್ತುಪಡಿಸಿದ ಜಾಗಕ್ಕೆ ಹೋಗುತ್ತಾರೆ, ಬಾಟಲಿಯಲ್ಲಿ ನೀರು ತುಂಬುತ್ತಾರೆ, ಐಸ್ ಪೆಟ್ಟಿಗೆಯಲ್ಲಿಟ್ಟು ಲ್ಯಾಬಿಗೆ ಒಯ್ಯುತ್ತಾರೆ. ಜಾಗ ನೋಡಿಕೊಂಡು ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಇದು ನಡೆಯುತ್ತದೆ. ಲ್ಯಾಬ್ ಕೊಡುವ ಉತ್ತರ ಖಚಿತವಾದದ್ದು, ಅದರಲ್ಲಿ ಅನುಮಾನ ಬೇಡ. ಆದರೆ ಅದು ಆ ದಿನ, ಆ ಹೊತ್ತು, ಆ ಜಾಗದಲ್ಲಿ ಹಿಡಿದ ಒಂದು ಬಾಟಲಿಯ ಉತ್ತರ ಮಾತ್ರ.

ನಮ್ಮ ಡ್ಯಾಂ ಎಷ್ಟು ದೊಡ್ಡದು ಅಂತ ನೆನಪಿಸಿಕೊಳ್ಳಿ. 1953ರಲ್ಲಿ ನೀರು ನಿಲ್ಲಿಸಲು ಶುರು ಮಾಡಿದ ಈ ಜಲಾಶಯ ತುಂಬಿದಾಗ ಸುಮಾರು 378 ಚದರ ಕಿಲೋಮೀಟರ್ ಹರಡಿಕೊಳ್ಳುತ್ತದೆ. ಮೊದಲಿಗೆ 133 ಟಿಎಂಸಿ ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. ಶಿವಮೊಗ್ಗ, ಭದ್ರಾವತಿ, ಹರಿಹರದಂಥ ಊರುಗಳನ್ನು ದಾಟಿ, ದಾರಿಯುದ್ದಕ್ಕೂ ಹೊಲಗದ್ದೆಗಳ ನೀರನ್ನು ಸೇರಿಸಿಕೊಂಡು ನದಿ ಇಲ್ಲಿಗೆ ಬರುತ್ತದೆ. ಇಷ್ಟು ದೊಡ್ಡ ನೀರಿನ ಒಂದು ಮೂಲೆಯಲ್ಲಿ ಪಾಚಿ ಕಟ್ಟಿದ್ದರೆ ಇನ್ನೊಂದು ಮೂಲೆ ತಿಳಿಯಾಗಿರಬಹುದು. ಬೆಳಿಗ್ಗೆ ಒಂದು ಥರ, ಮಧ್ಯಾಹ್ನ ಇನ್ನೊಂದು ಥರ.

ಜ್ವರ ಬಂದವರಿಗೆ ತಿಂಗಳಿಗೊಮ್ಮೆ ಥರ್ಮಾಮೀಟರ್ ಇಟ್ಟು ನೋಡಿದರೆ ಏನು ತಿಳಿಯುತ್ತದೆ? ಜ್ವರ ಏರಿದ್ದು, ಇಳಿದದ್ದು ಎರಡೂ ತಪ್ಪಿಹೋಗುತ್ತವೆ. ಸೆನ್ಸರ್ ಅಂದರೆ ಆ ಥರ್ಮಾಮೀಟರನ್ನು ನೀರಿನಲ್ಲೇ ಬಿಟ್ಟು ಬರುವುದು.

ಸೆನ್ಸರ್ ಏನನ್ನು ಅಳೆಯುತ್ತದೆ?

ನೀರಿಗೆ ಇಳಿಸುವ ಸಾಧನ ನೋಡಲು ಉದ್ದನೆ ಟಾರ್ಚಿನ ಹಾಗಿರುತ್ತದೆ. ಕೆಳತುದಿಯಲ್ಲಿ ನಾಲ್ಕೈದು ಬೆರಳಿನಂಥ ಕಡ್ಡಿಗಳು. ಒಂದೊಂದು ಕಡ್ಡಿ ಒಂದೊಂದು ಗುಣವನ್ನು ಅಳೆಯುತ್ತದೆ.

ಉಷ್ಣಾಂಶ ಎಲ್ಲಕ್ಕಿಂತ ಸುಲಭ. ಪಿಎಚ್ ಅಂದರೆ ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ. 7 ನಡುವಿನದು. ಕುಡಿಯುವ ನೀರಿಗೆ 6.5ರಿಂದ 8.5ರ ಒಳಗಿರಬೇಕು ಅನ್ನುತ್ತದೆ ಭಾರತೀಯ ಮಾನಕ. 8ರಿಂದ 9ಕ್ಕೆ ಹೋದರೆ ಒಂದೇ ಅಂಕ ಅಲ್ವಾ ಅನಿಸಬಹುದು. ಆದರೆ ಇಲ್ಲಿ ಒಂದು ಮೆಟ್ಟಿಲು ಅಂದರೆ ಹತ್ತು ಪಟ್ಟು.

ಕೆಸರು ಅಳೆಯುವ ಕಡ್ಡಿ ನೀರಿಗೆ ಬೆಳಕು ಬಿಡುತ್ತದೆ. ಬೆಳಗಿನ ಬಿಸಿಲು ಕಿಟಕಿಯಿಂದ ಬಂದಾಗ ಗಾಳಿಯಲ್ಲಿ ದೂಳು ಮಿನುಗುವುದನ್ನು ನೋಡಿರುತ್ತೀರಿ. ದೂಳು ಜಾಸ್ತಿ ಇದ್ದಷ್ಟೂ ಮಿನುಗು ಜಾಸ್ತಿ. ಇದೂ ಹಾಗೇ. ಬೆಳಕು ಎಷ್ಟು ಪಕ್ಕಕ್ಕೆ ಚೆದುರಿತು ಅಂತ ನೋಡಿ ಕೆಸರು ಎಷ್ಟಿದೆ ಅಂತ ಲೆಕ್ಕ ಹಾಕುತ್ತದೆ.

ಉಪ್ಪಿನಂಶವನ್ನು ವಿದ್ಯುತ್ ಹರಿಸಿ ಅಳೆಯುತ್ತಾರೆ. ಉಪ್ಪು ಜಾಸ್ತಿ ಕರಗಿದ್ದರೆ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಫಿಲ್ಟರ್ ಮಾರಲು ಬರುವವರು ಲೋಟದಲ್ಲಿ ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಮಾಡುವುದೂ ಇದನ್ನೇ. ಇಲ್ಲೊಂದು ಮಾತು ಹೇಳಲೇಬೇಕು. ಟಿಡಿಎಸ್ ಕಡಿಮೆ ಇದ್ದ ಮಾತ್ರಕ್ಕೆ ನೀರು ಶುದ್ಧ ಅಂತ ಅರ್ಥವಲ್ಲ. ಆ ಮೀಟರಿಗೆ ರೋಗಾಣು ಕಾಣುವುದಿಲ್ಲ. ಚರಂಡಿ ನೀರು ಸೇರಿದ ಮಳೆನೀರಿನಲ್ಲೂ ಟಿಡಿಎಸ್ ಕಡಿಮೆಯೇ ಇರಬಹುದು.

ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ರೀತಿ ನನಗೆ ಬಹಳ ಹಿಡಿಸಿದ್ದು. ಕಡ್ಡಿಯ ತುದಿಯಲ್ಲಿ ವಿಶೇಷ ಬಣ್ಣ ಬಳಿದ ಬಿಲ್ಲೆ ಇರುತ್ತದೆ. ನೀಲಿ ಬೆಳಕು ಬಿದ್ದರೆ ಅದು ಕೆಂಪಗೆ ಹೊಳೆಯುತ್ತದೆ. ಆಮ್ಲಜನಕ ಹತ್ತಿರ ಬಂದರೆ ಆ ಹೊಳಪು ಬೇಗ ಆರಿಹೋಗುತ್ತದೆ. ಎಷ್ಟು ಬೇಗ ಆರಿತು ಅನ್ನುವುದರಲ್ಲೇ ಆಮ್ಲಜನಕದ ಲೆಕ್ಕ ಸಿಗುತ್ತದೆ. ಪಾಚಿ ಹುಡುಕುವುದೂ ಬೆಳಕಿನಿಂದಲೇ. ಎಲೆಯ ಹಸಿರಿನಲ್ಲಿರುವ ವಸ್ತುವೇ ಪಾಚಿಯಲ್ಲೂ ಇದೆ. ಅದರ ಮೇಲೆ ನೀಲಿ ಬೆಳಕು ಬಿಟ್ಟರೆ ಕೆಂಪು ಬೆಳಕು ವಾಪಸ್ ಬರುತ್ತದೆ. ವಿಷ ಬಿಡಬಲ್ಲ ನೀಲಿ-ಹಸಿರು ಪಾಚಿಯಲ್ಲಿ ಇನ್ನೊಂದು ಬಣ್ಣದ ವಸ್ತುವೂ ಇರುತ್ತದೆ. ಅದನ್ನು ಬೇರೆ ಬೆಳಕು ಬಿಟ್ಟು ಗುರುತಿಸುತ್ತಾರೆ.

ಹಸಿರು ನೀರಿನ ಒಂದು ಹಗಲು, ಒಂದು ರಾತ್ರಿ

ಪಾಚಿಗೆ ಬೇಕಾಗಿದ್ದು ಬಿಸಿಲು, ಬೆಚ್ಚಗಿನ ನಿಂತ ನೀರು, ಮತ್ತು ಗೊಬ್ಬರ. ಭತ್ತಕ್ಕೆ ಹಾಕುವ ಯೂರಿಯಾ, ಡಿಎಪಿಯಲ್ಲಿ ಇರುವ ಸಾರಜನಕ, ರಂಜಕಗಳೇ ಪಾಚಿಗೂ ಊಟ. ಮೇಲಿನ ಹೊಲಗಳಿಂದ ಮಳೆಯ ಜೊತೆ ತೊಳೆದು ಬರುವ ಗೊಬ್ಬರ, ಊರುಗಳ ಕೊಳಚೆ ಎರಡರಲ್ಲೂ ಇವು ಧಾರಾಳ. ಗದ್ದೆಗೆ ಗೊಬ್ಬರ ಹಾಕಿದ ವಾರದಲ್ಲಿ ಪೈರು ಕಡುಹಸಿರಾಗುವುದನ್ನು ಗಂಗಾವತಿ, ಸಿಂಧನೂರಿನ ರೈತರಿಗೆ ಹೇಳಿಕೊಡಬೇಕಿಲ್ಲ. ಹಿನ್ನೀರಿನಲ್ಲೂ ಆಗುವುದು ಅದೇ.

ಈಗ ಅಲ್ಲೊಂದು ಸೆನ್ಸರ್ ಇಳಿಬಿಟ್ಟಿದ್ದೇವೆ ಅಂದುಕೊಳ್ಳಿ. ಅಂಕಿಗಳು ಉದಾಹರಣೆಗೆ ಮಾತ್ರ, ಆದರೆ ಏರಿಳಿತ ನಡೆಯುವುದು ಹೀಗೇ. ಬೆಳಿಗ್ಗೆ ಬಿಸಿಲು ಬೀಳುತ್ತಲೂ ಪಾಚಿ ಆಮ್ಲಜನಕ ಬಿಡಲು ಶುರು ಮಾಡುತ್ತದೆ. 30 ಡಿಗ್ರಿ ಬೆಚ್ಚಗಿರುವ ನೀರು ಲೀಟರಿಗೆ ಸುಮಾರು 7.5 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳುತ್ತದೆ. ಪಾಚಿ ದಟ್ಟವಾಗಿದ್ದರೆ ಮಧ್ಯಾಹ್ನ 3ಕ್ಕೆ ಅದು 11, 12 ಮುಟ್ಟುತ್ತದೆ. ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳುವುದರಿಂದ ಪಿಎಚ್ ಕೂಡ 9 ದಾಟುತ್ತದೆ.

ಸಂಜೆಯಾಯಿತು. ಬಿಸಿಲಿಲ್ಲ. ಈಗ ಪಾಚಿ ಆಮ್ಲಜನಕ ಬಿಡುವುದಿಲ್ಲ, ಉಸಿರಾಡಲು ತಾನೇ ಬಳಸಿಕೊಳ್ಳುತ್ತದೆ. ರಾತ್ರಿ 10ಕ್ಕೆ 6. ನಡುರಾತ್ರಿ ದಾಟಿ 2ಕ್ಕೆ 4. ಬೆಳಗಿನ ಜಾವ 5ಕ್ಕೆ 2. ಬಹಳಷ್ಟು ಮೀನುಗಳಿಗೆ 4ಕ್ಕಿಂತ ಕೆಳಗೆ ಹೋದರೆ ಕಷ್ಟ. ಕೆರೆಯಲ್ಲಿ ಮೀನು ಸತ್ತು ತೇಲುವುದು ಹೆಚ್ಚಾಗಿ ನಸುಕಿನಲ್ಲೇ ಯಾಕೆ ಅಂದರೆ, ಉಸಿರು ತೀರಾ ಕಡಿಮೆಯಾಗುವ ಹೊತ್ತು ಅದು.

ಇನ್ನು ಬಾಟಲಿ ಹಿಡಿದು ಬರುವವರು ಎಷ್ಟು ಗಂಟೆಗೆ ಬರುತ್ತಾರೆ? ಹನ್ನೊಂದಕ್ಕೋ ಹನ್ನೆರಡಕ್ಕೋ. ಆಗ ಆಮ್ಲಜನಕ ಚೆನ್ನಾಗಿಯೇ ಇರುತ್ತದೆ. ಅವರ ವರದಿ ಸುಳ್ಳಲ್ಲ. ಕೆಟ್ಟ ಹೊತ್ತು ಕಳೆದ ಮೇಲೆ ನೋಡಿದ ವರದಿ ಅದು. ಹಗಲು ರಾತ್ರಿಗಳ ನಡುವೆ ಈ ತೂಗಾಟ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿದ್ದರೆ ಪಾಚಿ ಬೆಳೆಯುತ್ತಿದೆ ಅಂತಲೇ ಅರ್ಥ. ನೀರು ಕಣ್ಣಿಗೆ ಹಸಿರಾಗಿ ಕಾಣುವ ಮೊದಲೇ ಸೆನ್ಸರ್ ಇದನ್ನು ಬರೆದಿಟ್ಟಿರುತ್ತದೆ.

ಮುಂಚೆ ಗೊತ್ತಾದರೆ ಏನು ಲಾಭ? ನೀರು ಶುದ್ಧ ಮಾಡುವವರಿಗೆ ಬಹಳ ಲಾಭ. ಪಿಎಚ್ 8 ದಾಟಿದಂತೆಲ್ಲ ಕ್ಲೋರಿನ್ನಿಗೆ ರೋಗಾಣು ಕೊಲ್ಲುವ ಶಕ್ತಿ ಕುಗ್ಗುತ್ತಾ ಹೋಗುತ್ತದೆ. ಪಾಚಿ ತುಂಬಿದ ನೀರಿಗೆ ಆರಂಭದಲ್ಲೇ ಕ್ಲೋರಿನ್ ಸುರಿದರೆ ಪಾಚಿಯ ಕಣ ಒಡೆದು, ಒಳಗಿದ್ದ ವಿಷ ನೀರಿಗೆ ಬರುವ ಅಪಾಯವೂ ಇದೆ. ಆ ವಿಷ ಕುದಿಸಿದರೆ ಹೋಗುವುದಿಲ್ಲ. ಇದನ್ನು ದಯವಿಟ್ಟು ನೆನಪಿಡಿ. ಕುದಿಸುವುದು ರೋಗಾಣುವಿಗೆ ಮದ್ದು, ಪಾಚಿಯ ವಿಷಕ್ಕಲ್ಲ.

2014ರ ಆಗಸ್ಟ್‌ನಲ್ಲಿ ಅಮೆರಿಕದ ಟೊಲಿಡೊ ನಗರದಲ್ಲಿ ಹೀಗೇ ಆಯಿತು. ಈರಿ ಸರೋವರದ ಪಾಚಿ ವಿಷ ನಲ್ಲಿ ನೀರಿನಲ್ಲಿ ಕಂಡುಬಂದು, ಸುಮಾರು 4 ಲಕ್ಷ ಜನರಿಗೆ ಕುಡಿಯಬೇಡಿ, ಕುದಿಸಲೂ ಬೇಡಿ ಅಂತ ಹೇಳಬೇಕಾಯಿತು. ಆಮೇಲೆ ಆ ಸರೋವರದಲ್ಲಿ ತೇಲುವ ಸೆನ್ಸರ್‌ಗಳ ಸಂಖ್ಯೆ ಹೆಚ್ಚಿತು.

ಮೇಲೊಂದು ನೀರು, ಕೆಳಗೊಂದು ನೀರು

ಬೇಸಿಗೆಯಲ್ಲಿ ಬಾವಿಗೆ ಇಳಿದವರಿಗೆ ಗೊತ್ತು. ಮೇಲಿನ ನೀರು ಬೆಚ್ಚಗೆ, ಕಾಲಿಗೆ ಸಿಗುವ ನೀರು ತಣ್ಣಗೆ. ಆಳವಾದ ಜಲಾಶಯದಲ್ಲೂ ಹೀಗೆ ಪದರ ಆಗುತ್ತದೆ. ಬೆಚ್ಚಗಿನ ನೀರು ಹಗುರ, ತೇಲುತ್ತದೆ. ತಣ್ಣನೆಯದು ಭಾರ, ತಳದಲ್ಲಿ ಉಳಿಯುತ್ತದೆ. ಎರಡೂ ಬೆರೆಯದಿದ್ದರೆ ಕೆಳಗಿನ ನೀರಿಗೆ ಗಾಳಿ ತಾಕುವುದಿಲ್ಲ. ಅಲ್ಲಿ ಆಮ್ಲಜನಕ ಮುಗಿದಾಗ ಹೂಳಿನೊಳಗಿನ ಕಬ್ಬಿಣ, ಮ್ಯಾಂಗನೀಸ್, ರಂಜಕ ಕರಗಿ ನೀರಿಗೆ ಸೇರುತ್ತವೆ. ಗಾಳಿ ಜೋರಾಗಿ ಬೀಸಿ ನೀರು ಮೇಲೆ ಕೆಳಗಾದರೆ ಆ ರಂಜಕ ಮತ್ತೆ ಪಾಚಿಗೆ ಊಟವಾಗುತ್ತದೆ.

ಅದಕ್ಕೇ ಒಂದೇ ಆಳದಲ್ಲಿ ಸೆನ್ಸರ್ ಇಟ್ಟರೆ ಸಾಲದು. ಒಂದು ಹಗ್ಗಕ್ಕೆ 1 ಮೀಟರ್, 5 ಮೀಟರ್, 10 ಮೀಟರ್ ಹೀಗೆ ಹಲವು ಸೆನ್ಸರ್ ಕಟ್ಟಿ ಇಳಿಬಿಡುತ್ತಾರೆ. ಯಾವ ಆಳದ ನೀರನ್ನು ಎತ್ತಿಕೊಂಡರೆ ಒಳ್ಳೆಯದು ಅಂತ ಆಗ ತಿಳಿಯುತ್ತದೆ.

ನೀರೊಳಗಿನ ಸುದ್ದಿ ಹೊರಗೆ ಬರುವುದು ಹೇಗೆ?

ಅಳೆಯುವುದು ಒಂದು ಕೆಲಸ. ಅಳೆದದ್ದನ್ನು ದಡಕ್ಕೆ ಮುಟ್ಟಿಸುವುದು ಅದಕ್ಕಿಂತ ದೊಡ್ಡ ಕೆಲಸ.

ಮೊಬೈಲು ಬಳಸುವ ರೇಡಿಯೋ ಅಲೆಗಳನ್ನು ನೀರು ನುಂಗಿಬಿಡುತ್ತದೆ. ಒಂದೆರಡು ಮೀಟರ್ ಇಳಿಯುವಷ್ಟರಲ್ಲಿ ಸಿಗ್ನಲ್ ಸತ್ತುಹೋಗುತ್ತದೆ. ಬೆಳಕಿನಲ್ಲಿ ಸಂದೇಶ ಕಳಿಸಬಹುದು, ಆದರೆ ತಿಳಿನೀರು ಬೇಕು. ಮಳೆಗಾಲದ ತುಂಗಭದ್ರೆಯ ಕೆಂಪು ನೀರಿನಲ್ಲಿ ಅದು ನಡೆಯದ ಮಾತು. ಉಳಿದಿದ್ದು ಶಬ್ದ. ಈಜುವಾಗ ನೀರಿನಲ್ಲಿ ಮುಳುಗಿ, ಗೆಳೆಯ ಎರಡು ಕಲ್ಲು ಕುಟ್ಟುವುದನ್ನು ಕೇಳಿದ್ದೀರಾ? ಕಿವಿಯ ಪಕ್ಕದಲ್ಲೇ ಕುಟ್ಟಿದ ಹಾಗೆ ಕೇಳಿಸುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋದರೆ ನೀರಿನಲ್ಲಿ ಸುಮಾರು 1,500 ಮೀಟರ್ ಹೋಗುತ್ತದೆ. ಸಮುದ್ರದಾಳದ ಸೆನ್ಸರ್‌ಗಳು ಮಾತಾಡುವುದು ಶಬ್ದದಲ್ಲೇ.

ಆದರೆ ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಹೋಗುತ್ತದೆ. ಅದರ ಮುಂದೆ ಶಬ್ದ ತೀರಾ ನಿಧಾನ. ಮೂರು ಕಿಲೋಮೀಟರ್ ಆಚೆಯ ಸೆನ್ಸರ್ ಹೇಳಿದ ಮಾತು ಎರಡು ಸೆಕೆಂಡ್ ಬಿಟ್ಟು ಮುಟ್ಟುತ್ತದೆ. ಜೊತೆಗೆ ನೀರಿನ ಮೇಲ್ಮೈಗೆ, ತಳಕ್ಕೆ ಬಡಿದು ವಾಪಸ್ ಬರುವ ಪ್ರತಿಧ್ವನಿ ಬೇರೆ. ಖಾಲಿ ಬಾವಿಯೊಳಗೆ ಕೂಗಿದ ಹಾಗೆ ಮಾತಿನ ಮೇಲೆ ಮಾತು ಬೀಳುತ್ತದೆ. ಎಲ್ಲ ಸೆನ್ಸರ್‌ಗಳೂ ಒಟ್ಟಿಗೆ ಮಾತಾಡಿದರೆ ಒಂದೂ ಅರ್ಥವಾಗುವುದಿಲ್ಲ. ಅದಕ್ಕೆ ಕಾಲುವೆ ನೀರಿಗೆ ಪಾಳಿ ಹಚ್ಚಿದಂತೆ ಅವಕ್ಕೂ ಪಾಳಿ ಹಚ್ಚುತ್ತಾರೆ. ನಿನ್ನ ಹೊತ್ತು ಬಂದಾಗ ನೀನು, ಅವನ ಹೊತ್ತಿಗೆ ಅವನು. ದೂರದ ಸೆನ್ಸರ್ ಪಕ್ಕದ್ದಕ್ಕೆ ಹೇಳುತ್ತದೆ, ಅದು ಮುಂದಿನದಕ್ಕೆ. ಸ್ಲ್ಯಾಬ್ ಹಾಕುವಾಗ ಕಾಂಕ್ರೀಟ್ ಬುಟ್ಟಿ ಕೈಯಿಂದ ಕೈಗೆ ಸಾಗಿದ ಹಾಗೆ. ಜಾಲ ಅನ್ನುವುದು ಇದಕ್ಕೇ.

ನಮ್ಮಂಥ ಜಲಾಶಯಕ್ಕೆ, ಕೆರೆಗೆ ಇಷ್ಟೆಲ್ಲ ಬೇಕಾಗುವುದಿಲ್ಲ. ಇಲ್ಲಿ ಸರಳ ದಾರಿ ಇದೆ. ಮೇಲೆ ಒಂದು ತೇಲುವ ಪೆಟ್ಟಿಗೆ, ಅದರ ತಲೆಯ ಮೇಲೆ ಸೋಲಾರ್ ಫಲಕ, ಕೆಳಗೆ ವೈರಿನಲ್ಲಿ ಇಳಿಬಿಟ್ಟ ಸೆನ್ಸರ್‌ಗಳು. ಸುದ್ದಿ ವೈರಿನಲ್ಲಿ ಮೇಲೆ ಬರುತ್ತದೆ. ಅಲ್ಲಿಂದ ಕಡಿಮೆ ಕರೆಂಟಿನ ರೇಡಿಯೋದಲ್ಲಿ ಅಥವಾ ಸಿಮ್ ಕಾರ್ಡಿನಲ್ಲಿ ದಡಕ್ಕೆ. ಬ್ಯಾಟರಿ ಉಳಿಯಲಿ ಅಂತ ಸೆನ್ಸರ್ ಹೆಚ್ಚು ಹೊತ್ತು ಮಲಗಿಯೇ ಇರುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಎದ್ದು, ಅಳೆದು, ಹೇಳಿ, ಮತ್ತೆ ಮಲಗುತ್ತದೆ.

ಪಾಚಿ ಸೆನ್ಸರನ್ನೂ ಬಿಡುವುದಿಲ್ಲ

ಕೊಂಡು ತಂದು ಇಳಿಸಿದರೆ ಕೆಲಸ ಮುಗಿಯಿತು ಅನ್ನುವವರು ಇದನ್ನು ಓದಬೇಕು. ಕಾಲುವೆಯ ಮೆಟ್ಟಿಲು ಹತ್ತೇ ದಿನಕ್ಕೆ ಜಾರುವುದನ್ನು ನೋಡಿದ್ದೇವೆ. ಸೆನ್ಸರ್‌ಗೂ ಅದೇ ಗತಿ. ವಾರ ಕಳೆದು ಮೇಲೆತ್ತಿದರೆ ಕಡ್ಡಿಗಳ ಸುತ್ತ ಕಂದು ಲೋಳೆ, ಸಂದಿಯಲ್ಲಿ ಸಣ್ಣ ಹುಳ, ಬೆಳಕು ಬಿಡುವ ಗಾಜಿನ ಮೇಲೆ ಹಸಿರು ಪೊರೆ. ಆ ಗಾಜಿನ ಮೂಲಕ ನೋಡುವ ಸೆನ್ಸರ್‌ಗೆ ತಿಳಿನೀರೂ ಕೆಸರಾಗಿ ಕಾಣುತ್ತದೆ.

ಅದಕ್ಕೆ ಕಾರಿನ ವೈಪರಿನಂಥ ಪುಟ್ಟ ಬ್ರಷ್ ಇಟ್ಟಿರುತ್ತಾರೆ. ಪ್ರತಿ ಅಳತೆಗೆ ಮುಂಚೆ ಅದು ಒಮ್ಮೆ ತಿರುಗಿ ಗಾಜು ಒರೆಸುತ್ತದೆ. ಸುತ್ತಲೂ ತಾಮ್ರದ ಕವಚ ಹಾಕುತ್ತಾರೆ, ತಾಮ್ರದ ಮೇಲೆ ಪಾಚಿ ಸುಲಭವಾಗಿ ಹತ್ತುವುದಿಲ್ಲ. ಅಷ್ಟಾದರೂ ಕೆಲವು ವಾರಕ್ಕೊಮ್ಮೆ ಯಾರಾದರೂ ಹರಿಗೋಲಿನಲ್ಲೋ ದೋಣಿಯಲ್ಲೋ ಹೋಗಿ, ಮೇಲೆತ್ತಿ, ತೊಳೆದು, ಅಳತೆ ಗೊತ್ತಿರುವ ದ್ರಾವಣದಲ್ಲಿ ಅದ್ದಿ, ಸರಿಯಾಗಿ ಹೇಳುತ್ತಿದೆಯಾ ಅಂತ ನೋಡಲೇಬೇಕು. ಕಿರಾಣಿ ಅಂಗಡಿಯ ತಕ್ಕಡಿಯನ್ನು ಗೊತ್ತಿರುವ ತೂಕದ ಕಲ್ಲಿಟ್ಟು ಪರೀಕ್ಷಿಸಿದ ಹಾಗೆ. ಈ ಕೆಲಸಕ್ಕೆ ಜನ, ಸಂಬಳ ಇಡದೆ ಸೆನ್ಸರ್ ಹಾಕಿದರೆ ಆರು ತಿಂಗಳಲ್ಲಿ ಅದು ಸುಮ್ನೆ ತೇಲುವ ಡಬ್ಬಿ.

ಸುಳ್ಳು ಕೂಗು ಕೂಡ ಬರುತ್ತದೆ. ದಡದಲ್ಲಿ ಎಮ್ಮೆಗಳು ಇಳಿದು ಕೆಸರೆದ್ದರೂ ಸೆನ್ಸರ್ ಕೂಗುತ್ತದೆ. ಇಲ್ಲಿ ಜಾಲದ ಉಪಯೋಗ ತಿಳಿಯುತ್ತದೆ. ಒಂದೇ ಸೆನ್ಸರ್ ಕೂಗಿದರೆ ಮೊದಲು ಸೆನ್ಸರನ್ನು ನೋಡಬೇಕು. ಅಕ್ಕಪಕ್ಕದ ಮೂರೂ ಕೂಗಿದರೆ ನೀರನ್ನು ನೋಡಬೇಕು.

ಸೆನ್ಸರ್‌ಗೆ ಕಾಣದ್ದು

ವಾಂತಿಭೇದಿ ತರುವ ರೋಗಾಣು ಈ ಸೆನ್ಸರ್‌ಗಳಿಗೆ ನೇರವಾಗಿ ಕಾಣುವುದಿಲ್ಲ. 100 ಮಿಲಿಲೀಟರ್ ಕುಡಿಯುವ ನೀರಿನಲ್ಲಿ ಮಲದ ಬ್ಯಾಕ್ಟೀರಿಯಾ ಒಂದೂ ಇರಬಾರದು ಅನ್ನುವುದು ನಿಯಮ. ಅದನ್ನು ತಿಳಿಯಲು ಲ್ಯಾಬಿನಲ್ಲಿ ಬೆಳೆಸಿಯೇ ನೋಡಬೇಕು, ಒಂದು ದಿನ ಹಿಡಿಯುತ್ತದೆ. ಸೆನ್ಸರ್ ಮಾಡುವುದು ಸುಳಿವು ಕೊಡುವ ಕೆಲಸ. ಕೆಸರು ಒಮ್ಮೆಲೇ ಏರಿತು, ಕ್ಲೋರಿನ್ ಒಮ್ಮೆಲೇ ಇಳಿಯಿತು ಅಂದರೆ ಏನೋ ಸೇರಿದೆ, ಬಾಟಲಿ ತೆಗೆದುಕೊಂಡು ಓಡಿ ಅಂತ ಅರ್ಥ.

ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಅದಕ್ಕೂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಲೆಗಟ್ಟುತ್ತದೆ, ಕೀಲು ಬಿಗಿಯುತ್ತದೆ. ಆದರೆ ಫ್ಲೋರೈಡ್ ಗಂಟೆಗೊಮ್ಮೆ ಬದಲಾಗುವಂಥದ್ದಲ್ಲ, ಕಲ್ಲಿನಿಂದ ನಿಧಾನವಾಗಿ ಬರುವಂಥದ್ದು. ಅದಕ್ಕೆ ಹಗಲು ರಾತ್ರಿ ಕಾಯುವ ಸೆನ್ಸರ್ ಬೇಡ. ವರ್ಷಕ್ಕೆ ಒಂದೆರಡು ಸಲ ಲ್ಯಾಬ್ ಪರೀಕ್ಷೆ ಸಾಕು. ಬೇಗ ಬದಲಾಗುವ ಕೇಡಿಗೆ ಸೆನ್ಸರ್, ನಿಧಾನವಾಗಿ ಬರುವ ಕೇಡಿಗೆ ಲ್ಯಾಬ್.

ಡ್ಯಾಮಿನಿಂದ ನಲ್ಲಿಯವರೆಗೆ

ಡ್ಯಾಮಿನಲ್ಲಿ ನೀರು ಚೆನ್ನಾಗಿದ್ದರೆ ನಲ್ಲಿಯಲ್ಲೂ ಚೆನ್ನಾಗಿರುತ್ತದೆ ಅನ್ನುವಂತಿಲ್ಲ. ಮುನಿರಾಬಾದಿನಲ್ಲಿ ಎಡದಂಡೆ ಕಾಲುವೆಗೆ ಬಿದ್ದ ನೀರು ರಾಯಚೂರು ಸೀಮೆ ಮುಟ್ಟಲು 200 ಕಿಲೋಮೀಟರಿಗೂ ಹೆಚ್ಚು ಹರಿಯಬೇಕು. ದಾರಿಯಲ್ಲಿ ಊರು, ಗದ್ದೆ, ದನ, ಬಟ್ಟೆ ಒಗೆಯುವ ಕಟ್ಟೆ. ಆಮೇಲೆ ಕೆರೆ, ಶುದ್ಧೀಕರಣ ಘಟಕ, ಟ್ಯಾಂಕ್, ಪೈಪು. 2022ರ ಮೇ ಕೊನೆ, ಜೂನ್ ಮೊದಲಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಕೆಲವರು ಜೀವ ಕಳೆದುಕೊಂಡರು. ಅವರು ಕುಡಿದದ್ದು ಮನೆಗೆ ಬಂದ ನಲ್ಲಿ ನೀರನ್ನೇ.

ಎರಡು ಮೂರು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ಪೈಪು ಉಳಿದ ಹೊತ್ತು ಖಾಲಿ ಇರುತ್ತದೆ. ಒಳಗೆ ಒತ್ತಡ ಇರುವುದಿಲ್ಲ. ಬಿರುಕು ಇದ್ದ ಕಡೆ ಪಕ್ಕದ ಚರಂಡಿಯ ನೀರು ಒಳಗೆ ಇಳಿಯುತ್ತದೆ. ಹೀಗಾಗಿ ಸೆನ್ಸರ್ ಜಾಲದ ಕೊನೆಯ ಕೊಂಡಿ ಪೈಪಿನಲ್ಲೇ ಇರಬೇಕಾಗುತ್ತದೆ. ಅಲ್ಲಿ ನೋಡಬೇಕಾದದ್ದು ಮುಖ್ಯವಾಗಿ ಎರಡು: ಕೆಸರು ಮತ್ತು ಉಳಿದ ಕ್ಲೋರಿನ್. ಪೈಪಿನ ಕೊನೆಯ ಮನೆಯಲ್ಲೂ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಕೊಳಕು ಸೇರಿದರೆ ಕ್ಲೋರಿನ್ ಅದರ ಜೊತೆ ಸೆಣಸಿ ಖರ್ಚಾಗುತ್ತದೆ. ಹಾಗಾಗಿ ಕ್ಲೋರಿನ್ ಇಲ್ಲವಾಗುವುದೇ ಮೊದಲ ಎಚ್ಚರಿಕೆ.

ಆ ಎಚ್ಚರಿಕೆ ಬೆಳಗಿನ ಜಾವ ಮೂರಕ್ಕೆ ಬಂದರೆ ಎದ್ದು ವಾಲ್ವ್ ಮುಚ್ಚುವವರು ಯಾರು, ಮುಚ್ಚುವ ಅಧಿಕಾರ ಅವರಿಗೆ ಇದೆಯಾ, ಊರಿಗೆ ಸುದ್ದಿ ಹೇಳುವವರು ಯಾರು, ಇವೆಲ್ಲ ಮೊದಲೇ ತೀರ್ಮಾನ ಆಗಿರಬೇಕು. ಸಂದೇಶ ನೀರುಗಂಟಿಯ ಫೋನಿಗೇ ಹೋಗಬೇಕು. ಆಫೀಸಿನ ಕಂಪ್ಯೂಟರಿಗೆ ಹೋದರೆ ಅದು ಓದಿಸಿಕೊಳ್ಳುವುದು ಹತ್ತೂವರೆಗೆ. ಅಷ್ಟರಲ್ಲಿ ಆರು ಗಂಟೆಯ ನೀರು ಬಿಟ್ಟಾಗಿರುತ್ತದೆ, ಕೊಡಗಳು ತುಂಬಿರುತ್ತವೆ.

ಸೆನ್ಸರ್ ಇಲ್ಲದ ಊರಿನಲ್ಲೂ ಇವತ್ತೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ಜಲಜೀವನ್ ಮಿಷನ್ನಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆಯ ಕಿಟ್ ಕೊಟ್ಟು, ಪ್ರತಿ ಹಳ್ಳಿಯಲ್ಲೂ ಐವರು ಮಹಿಳೆಯರಿಗೆ ಅದನ್ನು ಬಳಸಲು ಕಲಿಸಬೇಕು ಅನ್ನುವ ಯೋಜನೆ ಇದೆ. ನಿಮ್ಮ ಪಂಚಾಯಿತಿಯಲ್ಲಿ ಆ ಕಿಟ್ ಎಲ್ಲಿದೆ, ಆ ಐವರು ಯಾರು ಅಂತ ಕೇಳಿ. ಪರೀಕ್ಷೆಯನ್ನು ಟ್ಯಾಂಕಿನ ಕೆಳಗಲ್ಲ, ಪೈಪಿನ ಕಟ್ಟಕಡೆಯ ಮನೆಯ ನಲ್ಲಿಯಲ್ಲಿ ಮಾಡಿಸಿ. ಪುಟ್ಟ ಗಾಜಿನ ನಳಿಕೆಗೆ ನೀರು ಹಾಕಿ, ದ್ರಾವಣದ ಕೆಲವು ಹನಿ ಬಿಟ್ಟು, ಕಿಟ್ಟಿನ ಜೊತೆ ಬಂದ ಬಣ್ಣದ ಪಟ್ಟಿಯ ಪಕ್ಕ ಹಿಡಿಯುತ್ತಾರೆ. ಬಣ್ಣ ಬಂದರೆ ಕ್ಲೋರಿನ್ ಅಲ್ಲಿಯವರೆಗೂ ಮುಟ್ಟಿದೆ. ನೀರು ಇದ್ದ ಹಾಗೇ ಉಳಿದರೆ, ಅವತ್ತು ಆ ಸಾಲಿನ ಅಷ್ಟೂ ಮನೆಗಳಲ್ಲಿ ನೀರು ಕುದಿಸಬೇಕು, ನೀರುಗಂಟಿಯನ್ನು ಕರೆಯಬೇಕು.